ಹೆಸರು ಬರೆಯಬಾರದ ಹಾಳೆ

“ಏನ್ರೀ ಮಾಡ್ಬಿಟ್ರಿ ನೀವು?!”

ಸಿಂಚನಾಳ ದನಿಗೆ ಕುಂಬಾರಕೊಪ್ಪಲಿನ ಆ ಹೈಸ್ಕೂಲಿನ ಒಂಬತ್ತನೇ ತರಗತಿಯೇ ತಿರುಗಿ ನೋಡಿತು. ಗಣಿತದ ಮೇಷ್ಟ್ರು ನಂಜುಂಡಸ್ವಾಮಿ ಹಾಳೆಗಳ ಕಟ್ಟು ಹಿಡಿದು ಕಕ್ಕಾಬಿಕ್ಕಿಯಾದರು. ಹೆಸರು ಹಳೆಯದಾದರೂ ವಯಸ್ಸು ಮೂವತ್ತೇ!

“ಯಾಕ್ ಮೇಡಂ? ರೋಲ್ ನಂಬರ್ ಪ್ರಕಾರ ನೀಟಾಗಿ ಜೋಡ್ಸಿದೀನಲ್ಲ...”

ಎಡವಟ್ಟಾಗಿದ್ದೇ ಅಲ್ಲಿ. ಹದಿಹರೆಯದ ಮನಸ್ಸು ಯಾವುದರಿಂದ ಕುಗ್ಗುತ್ತದೆ ಎಂಬುದು ಸಿಂಚನಾಳ ಸಂಶೋಧನೆ. ನಿದ್ದೆ ಬರುತ್ತದೆಯೇ, ಮನೆಯಲ್ಲಿ ಹೊಡೆಯುತ್ತಾರೆಯೇ, ಬದುಕೇ ಬೇಡ ಅನ್ನಿಸಿದೆಯೇ... ಮಕ್ಕಳು ಹೆಸರಿಲ್ಲದ ಹಾಳೆಯಲ್ಲಿ ಉತ್ತರಿಸಬೇಕು. ಯಾರದೆಂದು ಯಾರಿಗೂ ತಿಳಿಯುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು. ಅವಳು ಹೆಡ್‌ಮಿಸ್ಸನ್ನು ಕಂಡು ಬರುವಷ್ಟರಲ್ಲಿ ಮೇಷ್ಟ್ರು ಪರೀಕ್ಷೆಯ ಅಭ್ಯಾಸದಂತೆ ಒಂದರಿಂದ ನಲವತ್ತೆರಡರವರೆಗೆ ನಂಬರ್ ಕರೆದು ಹಾಳೆ ಇಸಿದುಕೊಂಡಿದ್ದರು. ಇನ್ನು ಎಣಿಸಿದರೆ ಸಾಕು, ಯಾವುದು ಯಾರದೆಂದು ಗೊತ್ತಾಗುತ್ತಿತ್ತು.

“ಓದ್ಬೇಕು ಅಂತಾನೇ ಮಾಡಿದ್ದು, ಅಲ್ವಾ?”

“ಒಂದಕ್ಷರ ಓದಿಲ್ಲ ಕಣ್ರೀ...”

ಅವಳು ನಂಬಲಿಲ್ಲ. ಅವರವರ ಹಾಳೆಯನ್ನು ಅವರವರಿಗೇ ಹಿಂದಿರುಗಿಸಿ ಹೊರಟುಬಿಟ್ಟಳು. ವಿದ್ಯಾರಣ್ಯಪುರಂನ ಮನೆ ಸೇರಿದರೂ ಸಿಟ್ಟು ಇಳಿಯಲಿಲ್ಲ. ಅದರ ಮಧ್ಯೆ ಆ ಪೆಚ್ಚು ಮುಖ ಬೇರೆ ನೆನಪಾಗಬೇಕೇ! ‘ಛೆ, ನನಗೇನಾಗಿದೆ?’

ಮುಂದಿನ ವಾರ ಹೋದರೆ ಮಕ್ಕಳು ಪೆನ್ನೇ ಮುಟ್ಟಲಿಲ್ಲ.

“ಮೇಷ್ಟ್ರು ನೋಡ್ತಾರೆ ಮಿಸ್,” ಎಂದಳು ಮುಂದಿನ ಬೆಂಚಿನ ಹುಡುಗಿ.

ಈ ಮಕ್ಕಳು ಈಗ ಬಾಯಿ ಮುಚ್ಚಿಕೊಂಡರೆ ಇನ್ಯಾವಾಗ ಹೇಳಿಕೊಂಡಾರು?

ಅಷ್ಟರಲ್ಲಿ ನಂಜುಂಡಸ್ವಾಮಿ ಒಳಗೆ ಬಂದರು. ಕೈಯಲ್ಲಿ ಬೀಗ ಹಾಕಿದ ತಗಡಿನ ಡಬ್ಬಿ, ಅದರ ಮುಚ್ಚಳದಲ್ಲಿ ಹಾಳೆ ತೂರುವಷ್ಟು ಸಂದು.

“ತಪ್ಪು ನಂದು ಕಣ್ರಪ್ಪ. ಮಿಸ್ ಕೊಟ್ಟ ಮಾತ್ನ ನಾನು ಕೆಡಿಸ್ಬುಟ್ಟೆ. ಬರ್ದು ನೀವೇ ಇದ್ರೊಳಗೆ ಹಾಕಿ. ಬೀಗದ ಕೈ ಮಿಸ್ ಹತ್ರಾನೇ ಇರುತ್ತೆ.”

ಮೇಷ್ಟ್ರೊಬ್ಬರು ಮಕ್ಕಳೆದುರು ತಪ್ಪೊಪ್ಪಿಕೊಳ್ಳುವುದೆಂದರೆ ಸಾಮಾನ್ಯವೇ? ಮೊದಲು ತಾವೇ ಒಂದು ಹಾಳೆ ಹಾಕಿ, ಮೈದಾನದಾಚೆ ಬಿಸಿಲಲ್ಲಿ ಹೋಗಿ ನಿಂತರು. ಒಂದೊಂದಾಗಿ ಪೆನ್ನುಗಳು ಓಡತೊಡಗಿದವು.

ಸಂಜೆ ಸ್ಕೂಲಿನಲ್ಲೇ ಸಿಂಚನಾ ಡಬ್ಬಿ ತೆರೆದಾಗ ತಳದಲ್ಲಿತ್ತು ಆ ಹಾಳೆ. ಮೇಲೆ ದಪ್ಪಕ್ಷರದಲ್ಲಿ ‘ನಂಜುಂಡಸ್ವಾಮಿ, ಹದಿನೈದನೇ ವಯಸ್ಸಿನಲ್ಲಿ’. ನಿದ್ದೆ ಬರುತ್ತಿರಲಿಲ್ಲ. ಬದುಕು ಬೇಡ ಅನ್ನಿಸಿತ್ತು, ಎರಡು ಸಲ.

ಅವಳ ಕಣ್ಣು ತುಂಬಿತು. ‘ಇಂಥವರನ್ನೇ ಅನುಮಾನಿಸಿದೆನಲ್ಲ...’

ಕೊನೆಯ ಪ್ರಶ್ನೆ: ಕಷ್ಟ ಹೇಳಿಕೊಳ್ಳಲು ನಿಮಗೆ ಯಾರಿದ್ದಾರೆ?

‘ಆಗ ಯಾರೂ ಇರಲಿಲ್ಲ. ಈಗ...’ ಮುಂದೆ ಖಾಲಿ.

ಹಾಳೆ ಹಿಡಿದು ಗೇಟಿನ ತನಕ ಓಡಿದಳು. ಅವರು ಬೈಕ್ ಹತ್ತುವುದರಲ್ಲಿದ್ದರು.

“ಹೆಸರು ಬರೀಬಾರ್ದು ಅಂದಿದ್ದೆ.”

“ನಾನ್ಯಾರು ಅಂತ ನಿಮ್ಗೊಬ್ರಿಗಾದ್ರೂ ಗೊತ್ತಿರ್ಲಿ ಅಂತ...”

“ಅವತ್ತು ಸುಮ್ನೆ ಬೈದ್ಬಿಟ್ಟೆ. ತಪ್ಪಾಯ್ತು ಕಣ್ರೀ. ಮತ್ತೆ ಕೊನೇ ಪ್ರಶ್ನೆ ಯಾಕೆ ಬಿಟ್ರಿ?”

“ನಿಮ್ಮನ್ನ ಕೇಳ್ದೆ ಹೆಂಗೆ ತುಂಬ್ಲಿ?”

ಸಿಂಚನಾ ತನ್ನ ಪೆನ್ನನ್ನೇ ಅವರ ಕೈಗಿಟ್ಟಳು. ಅವರು ಹಾಳೆಯನ್ನು ಬೈಕಿನ ಸೀಟಿನ ಮೇಲೆ ಹರಡಿದರು.

“ಬರೀರಿ. ನಾನು ನೋಡಲ್ಲ.”

“ನೀವು ಓದ್ಬೇಕು ಅಂತಾನೇ ಬರೀತಿರೋದು ಕಣ್ರೀ.”