ಅವಳು ನೋಡಬಾರದ ಅರ್ಜಿ

"ನಾನೇನು ತಪ್ಪು ಮಾಡ್ದೆ ಮೇಡಂ?"

ಪುರಸಭೆಯ ಯೋಜನಾ ವಿಭಾಗದ ಕೌಂಟರಿಗೆ ಎರಡೂ ಕೈ ಊರಿ ಬಡಗಿ ಕೇಳಿದ. ಮುಂಗೈಗೆ ಮರದ ಪುಡಿ ಇನ್ನೂ ಅಂಟಿಕೊಂಡಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ.

"ನೀವೇನೂ ಮಾಡಿಲ್ಲ," ಎಂದಳು ಕೌಂಟರಿನಾಚೆ ಕುಳಿತ ಅಧಿಕಾರಿ, ಕಣ್ಣು ತಪ್ಪಿಸಿ.

"ಮತ್ತೆ ನನ್ನ ಫೈಲು ಅಂಗುಲ ಸಾಹೇಬರ ಟೇಬಲ್ಲಿಗೆ ಯಾಕೆ ಹೋಯ್ತು? ಆ ಪುಣ್ಯಾತ್ಮರು ಸ್ವಂತ ತಮ್ಮನ ಮನೆ ಪ್ಲಾನನ್ನೇ ವಾಪಸ್ ಕಳಿಸಿದೋರು!"

ಒಂದಂಗುಲವನ್ನೂ ಬಿಡದೆ ಅಳೆಯುವುದಕ್ಕೇ ಆ ಹೆಸರು ಪಡೆದ ಅಂಗುಲ ಸಾಹೇಬರು ಪಕ್ಕದ ಟೇಬಲ್ಲಿನಿಂದ ತಲೆಯೆತ್ತದೆ, "ತಮ್ಮನ ಮೆಟ್ಟಿಲು ರಸ್ತೆಗೆ ಬಂದಿತ್ತು," ಎಂದರು.

ಬಡಗಿ ಕೇಳಿದ್ದು ದೊಡ್ಡದೇನಲ್ಲ. ಮನೆಯ ಹಿತ್ತಲಲ್ಲಿ ಮರಗೆಲಸದ ಶೆಡ್ ಹಾಕಿಕೊಳ್ಳಲು ಅನುಮತಿ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ವಯಸ್ಸಾದ ಅಮ್ಮ ಈಚೆಗೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರೊಬ್ಬರನ್ನೇ ಬಿಟ್ಟು ಹೊರಗೆ ದುಡಿಯುವಂತಿರಲಿಲ್ಲ. ಆದರೆ ಅದು ವಾಸದ ಬೀದಿ. ಗೋಡೆಯ ಪಕ್ಕ ಜಾಗ ಬಿಡಬೇಕು, ನೆರೆಯವರ ಮಾತು ಕೇಳಬೇಕು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಗರಗಸದ ಸದ್ದು ತಡೆಯಲಾಗದೆಂದು ಆಕ್ಷೇಪಣೆ ಕೊಟ್ಟಿದ್ದರು.

ಸ್ಥಳ ನೋಡಲು ಅವಳು ಒಮ್ಮೆ ಹೋದರೆ ಸಾಕಿತ್ತು. ಗೋಡೆಯ ಅಳತೆಗೆಂದು ಮತ್ತೆ ಹೋದಳು. ಗಾಳಿ ಯಾವ ಕಡೆ ಬೀಸುತ್ತದೆಂದು ನೋಡಲು ಮತ್ತೊಮ್ಮೆ. ಟೇಪಿನ ಇನ್ನೊಂದು ತುದಿಯನ್ನು ಅವನು ಹಿಡಿಯುತ್ತಿದ್ದ.

"ಬಿಗಿಯಾಗಿ ಹಿಡೀರಿ."

"ಬಿಗಿಯಾಗೇ ಹಿಡ್ದಿದೀನಿ. ನೀವೇ ಅಳತೆ ಬಿಟ್ಟು ಎಲ್ಲೋ ನೋಡ್ತಿದೀರಿ ಮೇಡಂ."

ನೋಡುತ್ತಿದ್ದದ್ದು ಅವನ ಕೈಯನ್ನು. ಒರಟು ಹಲಗೆಯ ಮೇಲೆ ಬೆರಳಾಡಿಸಿ, ಮರದ ಎಳೆ ಯಾವ ಕಡೆ ಓಡುತ್ತದೆಂದು ತಿಳಿಯುವ ಕೈ. ಇಷ್ಟು ವರ್ಷ ಊರವರ ಮನೆಗಳ ನಕ್ಷೆ ನೋಡುತ್ತಾ, ತನಗೂ ಒಂದು ಮನೆ ಬೇಕೆನ್ನುವುದನ್ನೇ ಮರೆತಿದ್ದ ನಲವತ್ತು ದಾಟಿದ ಹೆಣ್ಣು, ಆ ಸಂಜೆ ಕನ್ನಡಿಯ ಮುಂದೆ ನಿಂತು ತನ್ನನ್ನೇ ಗದರಿಸಿಕೊಂಡಳು.

ಗದರಿಸಿದರೆ ಮನಸ್ಸು ಕೇಳುತ್ತದೆಯೇ? ವರದಿ ಬರೆಯಲು ಕುಳಿತಾಗ ಗೊತ್ತಾಯಿತು, ಮೇಷ್ಟ್ರ ಆಕ್ಷೇಪಣೆಯನ್ನು ಅವಳು ಸರಿಯಾಗಿ ಓದಿಯೇ ಇರಲಿಲ್ಲ. ಅವನಿಗೆ ಅನುಕೂಲವಾಗುವ ನಿಯಮವನ್ನಷ್ಟೇ ಹುಡುಕುತ್ತಿದ್ದಳು. ಪೆನ್ನು ಕೆಳಗಿಟ್ಟು ಮುಖ್ಯಾಧಿಕಾರಿಯ ಕೋಣೆಗೆ ಹೋದಳು.

"ಸರ್, ಈ ಅರ್ಜಿ ನಾನು ನೋಡಬಾರದು."

"ಯಾಕಮ್ಮ, ಸಂಬಂಧಿಕರಾ?"

"ಇನ್ನೂ ಅಲ್ಲ ಸರ್."

ಆಡಿದ ಮಾತು, ಒಡೆದ ಮುತ್ತು. ಮಧ್ಯಾಹ್ನದೊಳಗೆ ಇಡೀ ಆಫೀಸಿಗೆ ತಿಳಿಯಿತು. "ಗಂಡಿನ ಒಪ್ಪಿಗೆ ಕೇಳೋಕೆ ಮುಂಚೆ ಸರ್ಕಾರಕ್ಕೆ ತಿಳಿಸಿದೋಳು ನೀನೊಬ್ಬಳೇ ಕಣೇ," ಎಂದು ಟೈಪಿಸ್ಟ್ ಅಕ್ಕ ಬಿದ್ದು ಬಿದ್ದು ನಕ್ಕಳು.

ತಿಳಿಯದವನೆಂದರೆ ಈಗ ಕೌಂಟರಿನ ಮುಂದೆ ನಿಂತ ಇವನೊಬ್ಬನೇ.

ಅವಳು ಅವನನ್ನು ವರಾಂಡಕ್ಕೆ ಕರೆದಳು. "ಮನಸ್ಸು ಒಂದು ಕಡೆ ವಾಲಿದ ಮೇಲೆ ತಕ್ಕಡಿ ಹಿಡೀಬಾರದು. ನನ್ನದು ನಿಮ್ಮ ಕಡೆ ವಾಲಿದೆ. ಅದಕ್ಕೇ ಬಿಟ್ಟುಕೊಟ್ಟೆ. ನೀವು ಏನೂ ಹೇಳಬೇಕಾಗಿಲ್ಲ."

ಅವನ ಕಿವಿಯ ತುದಿ ಕೆಂಪಾಯಿತು. ನಿಜಕ್ಕೂ ಏನೂ ಹೇಳದೆ ಮೆಟ್ಟಿಲಿಳಿದು ಹೋಗಿಬಿಟ್ಟ.

ಅಂಗುಲ ಸಾಹೇಬರು ಸ್ಥಳ ನೋಡಲು ಹೋದ ದಿನ ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಪ್ರೀತಿ ಸಿಗದಿದ್ದರೆ ಹೋಗಲಿ, ತನ್ನಿಂದ ಅವನಿಗೆ ಅನುಮತಿಯೂ ತಪ್ಪಿದರೆ? ರಜೆ ಹಾಕಿ ಹೋಗಿ, ಬಿಟ್ಟುಕೊಟ್ಟ ಅರ್ಜಿಯ ಜಾಗಕ್ಕೆ ಕಾಲಿಡಬಾರದೆಂದು ಗೇಟಿನ ಹೊರಗೇ ನಿಂತಳು.

ಮೇಷ್ಟ್ರು ಗೋಡೆಯಾಚೆಯಿಂದ ಇಣುಕುತ್ತಿದ್ದರು. ಸಾಹೇಬರು ಟೇಪ್ ಸುತ್ತಿಕೊಂಡು ಹೇಳಿದರು: "ಶೆಡ್ಡನ್ನ ಆ ಮೂಲೆಗೆ ಸರಿಸ್ಬೇಕು. ಮೆಷಿನ್ನು ಹಗಲು ಮಾತ್ರ. ಮೇಷ್ಟ್ರು ಮಧ್ಯಾಹ್ನ ಮಲಗೋ ಹೊತ್ತಲ್ಲಿ ಅದೂ ಇಲ್ಲ. ಒಪ್ಪಿದ್ರೆ ಸಹಿ ಹಾಕ್ತೀನಿ."

ಮೇಷ್ಟ್ರ ಮಧ್ಯಾಹ್ನದ ನಿದ್ದೆ ತನಗೆ ಹೊಳೆಯುತ್ತಲೇ ಇರಲಿಲ್ಲ ಎಂದುಕೊಂಡಳು ಅವಳು.

"ಆಯ್ತು ಸರ್," ಎಂದ ಬಡಗಿ. ಕಣ್ಣು ಮಾತ್ರ ಗೇಟಿನ ಕಡೆಗಿತ್ತು.

ಜಗಲಿಯಲ್ಲಿ ಕುಳಿತಿದ್ದ ಅಮ್ಮನಿಗೆ ಕಿವಿ ಮಂದ. "ಯಾರೋ ಅದು ಗೇಟಲ್ಲಿ?"

"ಆಫೀಸಿನ ಮೇಡಂ ಅಮ್ಮಾ!"

"ಒಳಗೆ ಕರಿಯೋ! ಬಿಸಿಲಲ್ಲಿ ನಿಲ್ಸಿದೀಯಲ್ಲ, ಬುದ್ಧಿ ಇಲ್ವಾ?"

"ಅವರು ಬರೋ ಹಾಗಿಲ್ಲ!"

"ಯಾಕಂತೆ?"

ಅವನು ಅವಳನ್ನೇ ನೋಡಿದ. ಮೆತ್ತಗೆ ಹೇಳಿದರೆ ಅಮ್ಮನಿಗೆ ಕೇಳದು. ಬೀದಿಗೇ ಕೇಳುವಂತೆ ಕೂಗಿದ: "ನಾನು ಅವರನ್ನ ಮದುವೆ ಆಗ್ಬೇಕು ಅಂತಿದೀನಮ್ಮಾ, ಅದಕ್ಕೆ!"

"ಆಂ? ಏನಂದೆ?"

ಸದ್ದೆಂದರೇ ಆಗದ ಮೇಷ್ಟ್ರು ಗೋಡೆಯ ಮೇಲಿನಿಂದ ಗಂಟಲು ಹರಿಯುವಂತೆ ಕಿರುಚಿದರು: "ಮದುವೆ ಅಂತಮ್ಮಾ, ಮದುವೆ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನು ಗೇಟಿನ ಹತ್ತಿರ ಬಂದ.

"ಆವತ್ತು ಯಾಕೆ ಸುಮ್ಮನೆ ಹೋದ್ರಿ?"

"ಅಳತೆ ಮುಗೀಲಿ ಅಂತ. ಮುಂಚೆನೇ ಹೇಳಿದ್ರೆ, ಪರ್ಮಿಟ್‌ಗೋಸ್ಕರ ಹೇಳ್ದ ಅಂತ ನಿಮಗೊಂದು ಮುಳ್ಳು ಉಳೀತಿತ್ತು."

ಅಂಗುಲ ಸಾಹೇಬರು ಜಗಲಿಯ ಕಂಬಕ್ಕೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು. ಅವರಿಬ್ಬರ ನಡುವಿನ ಗೇಟನ್ನು ತೆಗೆದು ಹೊರಗೆ ಬಂದು, ಅದನ್ನು ತೆರೆದಂತೆಯೇ ಬಿಟ್ಟು, ಹಿಂದಿರುಗಿ ನೋಡದೆ ನಡೆದರು.