ಐದು ಮಣದ ಕೂಸು

ಬಹಳ ಕಾಲದ ಹಿಂದೆ, ಬೆಣಚುಗಿರಿ ಎಂಬ ರಾಜ್ಯದಲ್ಲಿ ಬಾಳವ್ವ ಎಂಬ ಹೆಂಗಸು ಇದ್ದಳು. ಅರಮನೆಗೆ ನೀರು ಹೊರುವುದು ಅವಳ ಕೆಲಸ. ಗಂಡ ಭರಮ ಕೋಟೆ ಬಾಗಿಲಲ್ಲಿ ಕಹಳೆ ಊದುತ್ತಿದ್ದ. ರಾಜನೂ ಒಬ್ಬ ಇದ್ದ, ಆದರೆ ಅವನ ವಿಷಯ ಈ ಕತೆಗೆ ಬೇಡ. ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಅವನು ಒಂದು ದಿನವೂ ಕೇಳಿದವನಲ್ಲ.

ಬಾಳವ್ವನಿಗೆ ಎರಡು ಮಕ್ಕಳು ಹುಟ್ಟಿ, ಎರಡೂ ಒಂದು ತಿಂಗಳು ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯದು ಗಂಡು. ಊರಿನ ಪದ್ಧತಿಯಂತೆ ಅದಕ್ಕೆ ತಿರುಕ ಎಂದು ಹೆಸರಿಟ್ಟರು. ಭಿಕ್ಷುಕನ ಹೆಸರಿನ ಕೂಸನ್ನು ಸಾವು ತಿರುಗಿಯೂ ನೋಡುವುದಿಲ್ಲವಂತೆ. ಹೆಸರೊಂದೇ ಸಾಲದು, ಲಂಗೋಟಿಯೂ ಏಳು ಮನೆ ಬೇಡಿ ತಂದ ಹಳೆ ಬಟ್ಟೆಯದಾಗಬೇಕು. ಬಾಣಂತಿ ಬಾಳವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಬೇಡಲು ಹೊರಟಳು.

ಆರು ಮನೆಗಳಲ್ಲಿ ಹರಕು ಸೀರೆಯ ತುಂಡುಗಳು ಸಿಕ್ಕವು. ಏಳನೆಯದು ಊರಾಚೆಯ ಒಂಟಿ ಮನೆ. ಬಾಗಿಲಿಗೆ ಯಾರೂ ಬರಲಿಲ್ಲ. ಒಳಗಿನಿಂದ ದಪ್ಪ ದನಿಯೊಂದು, “ಏನು ಬೇಕು?” ಎಂದಿತು.

“ಕೂಸಿಗೆ ಹಳೇ ಬಟ್ಟಿ ಕೊಡ್ರಿ.”

“ಇನ್ನೊಮ್ಮೆ ಕೇಳು.”

“ಕೂಸಿಗೆ ಹಳೇ ಬಟ್ಟಿ ಕೊಡ್ರಿ, ಯಪ್ಪಾ.”

“ಮೂರನೇ ಸಲ ಕೇಳು.”

ಬಡವರಿಗೆ ಮೂರು ಸಲ ಕೇಳುವುದು ಹೊಸದಲ್ಲ. ಬಾಳವ್ವ ಕೇಳಿದಳು. ಕಿಟಕಿಯಿಂದ ಒಂದು ಧೋತರ ಹೊರಬಿತ್ತು. ಅಂಗಳ ತುಂಬುವಷ್ಟು ಅಗಲ, ಬೆಣ್ಣೆಯಷ್ಟು ಮೆತ್ತಗೆ. ಉಳಿದ ಆರು ಮನೆಯ ಬಟ್ಟೆ ಒರಟಾಗಿದ್ದುದರಿಂದ ಅವಳು ಅವನ್ನು ಗೂಟಕ್ಕೆ ಸಿಕ್ಕಿಸಿ, ಈ ಧೋತರವನ್ನೇ ಹರಿದು ಲಂಗೋಟಿ ಹೊಲಿದಳು.

ಕೂಸು ಬೆಳೆಯಿತು. ಮೊದಮೊದಲು ಬಾಳವ್ವನಿಗೆ ಸಂತೋಷವೋ ಸಂತೋಷ. ತೀರಿಕೊಂಡ ಎರಡು ಮಕ್ಕಳನ್ನು ಎತ್ತಿಕೊಂಡರೆ ಎತ್ತಿಕೊಂಡ ಹಾಗೇ ಇರುತ್ತಿರಲಿಲ್ಲ. ಇವನು ತೊಡೆಯ ಮೇಲೆ ಕೂತರೆ ತೊಡೆ ಜೋಮು ಹಿಡಿಯುತ್ತಿತ್ತು. ತೂಕದ ಕೂಸು ಅಷ್ಟು ಸುಲಭವಾಗಿ ಕೈಬಿಟ್ಟು ಹೋಗುವುದಿಲ್ಲ ಎಂದು ಅವಳು ಧೈರ್ಯ ತಂದುಕೊಂಡಳು.

ಆಮೇಲೆ ಸಂತೋಷ ಕಡಿಮೆಯಾಗುತ್ತ ಬಂತು. ಸೋಮವಾರ ಹೊಲಿದ ಲಂಗೋಟಿಯ ತುದಿಗಳು ಗುರುವಾರ ಒಂದಕ್ಕೊಂದು ತಾಗುತ್ತಿರಲಿಲ್ಲ. ಸೊಂಟದ ಉಡಿದಾರವನ್ನು ನಾಲ್ಕು ಸಲ ಕತ್ತರಿಸಿ ನಾಲ್ಕು ಸಲ ಹೊಸದು ಕಟ್ಟಿದ್ದಾಯಿತು. ಚಿಕ್ಕದಾದ ಲಂಗೋಟಿಗಳನ್ನು ಮುಂದಿನ ಕೂಸಿಗೆ ಇರಲಿ ಎಂದು ಒಗೆದು, ಮಡಿಚಿ ಇಟ್ಟಳು. ದೊಡ್ಡದು ಬೇಕಾದಾಗಲೆಲ್ಲ ಅದೇ ಧೋತರವನ್ನು ಹರಿದಳು. ಎಷ್ಟು ಹರಿದರೂ ಅದು ಮುಗಿಯಲಿಲ್ಲ. ಹೊಲಿದಷ್ಟೂ ಅವನು ಬೆಳೆದ, ಬೆಳೆದಷ್ಟೂ ಇವಳು ಹೊಲಿದಳು.

ಓಣಿಯ ಹೆಂಗಸರು, “ಅದೇನು ತಿನಸ್ತೀಯೋ ನಮಗೂ ಹೇಳವ್ವಾ” ಎಂದು ಕಿಚಾಯಿಸಿದರು. ಭರಮ, “ಬೆಳಿಯೋ ಹುಡುಗ, ಬಿಡು” ಎಂದು ಕೂಸನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಎಂಟು ದಿನ ಮಲಗಿದ. ಕಹಳೆ ಊದುವವರಿಲ್ಲದೆ ಕೋಟೆಯ ಬಾಗಿಲು ಎಂಟೂ ದಿನ ತಡವಾಗಿ ತೆರೆಯಿತು.

ಕೊನೆಗೆ ಅವಳು ಕೂಸನ್ನು ಅರಮನೆಯ ವೈದ್ಯನ ಬಳಿಗೆ ಹೊತ್ತುಕೊಂಡು ಹೋದಳು. ವೈದ್ಯ ಅವನನ್ನು ತಕ್ಕಡಿಯಲ್ಲಿ ಕೂರಿಸಿ, ಓಲೆಗರಿ ನೋಡಿ ಹುಬ್ಬು ಗಂಟಿಕ್ಕಿದ. “ಒಂದೂವರೆ ವರ್ಷದ ಕೂಸು ಒಂದು ಮಣ ತೂಗಬೇಕು. ಇದು ಮೂರು ಮಣ ಐತಿ. ನೀನು ಹಾಲು ಜಾಸ್ತಿ ಹಾಕ್ತೀ.”

“ಇಲ್ರೀ. ಎಲ್ಲಾರ ಮಕ್ಕಳಿಗೆ ಹಾಕಿದಷ್ಟಽ ಹಾಕ್ತೀನಿ.”

“ಎಲ್ಲಾ ತಾಯಂದಿರೂ ಹಂಗಽ ಅಂತಾರ” ಎಂದ ವೈದ್ಯ.

ಅವಳು ಹಾಲು ಕಡಿಮೆ ಮಾಡಿದಳು. ತಿರುಕ ಹಸಿವಿನಿಂದ ಅತ್ತ. ಅಳುತ್ತಲೇ ನಾಲ್ಕು ಮಣವಾದ, ಇನ್ನೊಂದು ತಿಂಗಳಿಗೆ ಐದು ಮಣವಾದ. ಕೂಸು ಹಸಿದದ್ದೂ ಆಯಿತು, ಭಾರ ಇಳಿಯಲೂ ಇಲ್ಲ. ಬಾಳವ್ವ ತನ್ನನ್ನು ತಾನೇ ಬೈದುಕೊಂಡು ಮತ್ತೆ ಹಾಲು ಕೊಟ್ಟಳು. ಅವಳಿಗೆ ನಿದ್ದೆ ಎಂದರೇನು ಎಂಬುದೇ ಮರೆತುಹೋಗಿತ್ತು. ನೀರಿನ ಕೊಡ ಹೊತ್ತು ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಹಳ್ಳದಲ್ಲಿ ಲಂಗೋಟಿ ಒಗೆಯುತ್ತಿದ್ದಾಗ ಅಗಸರ ಮುದಿ ಕತ್ತೆ ಪಕ್ಕಕ್ಕೆ ಬಂದು ನಿಂತಿತು. ಅದರ ಬೆನ್ನು ನಡುವೆ ತೊಟ್ಟಿಲಿನಂತೆ ತಗ್ಗಾಗಿತ್ತು. ಆ ರಾಜ್ಯದಲ್ಲಿ ಕತ್ತೆಗಳಿಗೆ ಮಾತು ಬರುತ್ತಿತ್ತು. ಆದರೆ ಆಡಿ ಏನು ಪ್ರಯೋಜನ ಎಂದು ಸುಮ್ಮನಿರುತ್ತಿದ್ದವು.

“ಈ ಬಟ್ಟಿ ವಾಸನಿ ನನಗ ಗೊತ್ತೈತಿ” ಎಂದಿತು ಕತ್ತೆ. “ಇದು ದೊಡ್ಡೊಡಲ ಮಾಂತ್ರಿಕನ ಧೋತರ. ಹತ್ತು ವರ್ಷ ಅವನ್ನ ಹೊತ್ತೀನಿ, ಬೆನ್ನು ನೋಡು. ಊರೂರಿನ ಕಾಳು, ತುಪ್ಪ ಮಂತ್ರ ಹಾಕಿ ಎಳಕೊಂಡು ಒಬ್ಬನಽ ತಿಂದ. ತಿಂದದ್ದು ಮೈ ಆತು. ಬಾಗಿಲದಾಗ ಹಿಡಿಸಲಿಲ್ಲ, ಮಂಚ ತಾಳಲಿಲ್ಲ. ಈಗ ಆ ಭಾರಾನ ನಿನ್ನ ಕೂಸಿಗೆ ದಾಟಸಾಕ ಹತ್ಯಾನ.”

ಬಾಳವ್ವನ ಕೈಯಿಂದ ಲಂಗೋಟಿ ಜಾರಿತು. “ನಾನಽ ಕೇಳಿ ತಂದೆನಲ್ಲಾ” ಎಂದಳು.

“ಕೇಳಿದವರಿಗಷ್ಟಽ ದಾಟತೈತಿ. ಅದಕ್ಕಽ ನಿನ್ನ ಕಡಿಂದ ಮೂರು ಸಲ ಕೇಳಿಸ್ಯಾನ. ಇವತ್ತಿಂದ ಈ ಬಟ್ಟಿ ಕಟ್ಟಬ್ಯಾಡ, ಭಾರ ಏರೂದು ನಿಲ್ಲತೈತಿ. ಆದರ ಏರಿದ್ದು ಇಳಿಯೂದಿಲ್ಲ. ನಿನ್ನ ಕೈಯಾಗ ಎತ್ತಾಕ ಆಗದ ದಿನ ಅವನು ಬಂದು ಕೂಸಿನ ಒಯ್ತಾನ. ತನ್ನ ಭಾರ ಇಟ್ಟ ಗಡಿಗಿ ತನ್ನ ಹತ್ರಽ ಇರಲಿ ಅಂತ.”

“ನಾನು ದಿನಾ ಎತ್ತತೀನಿ.”

“ಇವತ್ತು ಎತ್ತತಿ, ನಾಳೆ ಎತ್ತತಿ. ಒಂದಿನ ಜ್ವರ ಬರತೈತಿ.”

ಅದು ನಿಜ ಎಂದು ಬಾಳವ್ವನಿಗೆ ಗೊತ್ತಿತ್ತು. ಈಗಾಗಲೇ ಒಂದೊಂದು ಸಲ ಅವಳ ಕೈ ಅರ್ಧಕ್ಕೇ ನಿಲ್ಲುತ್ತಿತ್ತು.

ಕತ್ತೆ ದಾರಿ ಹೇಳಿತು. ಹಗುರಾದ ದೊಡ್ಡೊಡಲ ಈಗ ಗಾಳಿಗುಡ್ಡದ ತುದಿಯಲ್ಲಿದ್ದಾನೆ. ಕೂಸನ್ನೂ ಬಟ್ಟೆಯನ್ನೂ ಒಯ್ದು, ಬಟ್ಟೆ ವಾಪಸು ಕೊಡಬೇಕು. ಕೇಳಿದವಳೇ ಹೋಗಬೇಕು, ಬೇರೆಯವರು ಹೊರುವಂತಿಲ್ಲ. ಆ ಗುಡ್ಡದಲ್ಲಿ ಕೂಸನ್ನು ಇಳಿಸಿದರೆ, ಕೂತರೆ, ಯಾರ ಕೈಗಾದರೂ ಕೊಟ್ಟರೆ ಅಲ್ಲಿಗೆ ಅವಳ ಕೈ ಸೋತ ಲೆಕ್ಕ. ಇಷ್ಟು ಹೇಳಿ ಕತ್ತೆ ಹುಲ್ಲಿಗೆ ಬಾಯಿ ಹಾಕಿತು. ಮತ್ತೆಂದೂ ಅದು ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಬಾಳವ್ವ ತಿರುಕನ ಲಂಗೋಟಿ ಬಿಚ್ಚಿ ಬರೀ ಉಡಿದಾರದಲ್ಲಿ ಬಿಟ್ಟಳು. ಒಗೆದು ಒಣಗಿಸಿದ ಲಂಗೋಟಿಗಳನ್ನೂ ಉಳಿದ ಧೋತರವನ್ನೂ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಭರಮ ಗುಡ್ಡದ ಬುಡದವರೆಗೆ ಬಂದ. ಅಲ್ಲಿ ನಿಂತು, “ಹುಷಾರು” ಎಂದ. ಅವಳು ಹತ್ತತೊಡಗಿದಳು.

ಮೊದಲ ತಿರುವಿನಲ್ಲಿ ಒಂದು ಆಲದ ಮರ. ಅದರ ಕೊಂಬೆಗೆ ಬೆಳ್ಳಿಯ ತೊಟ್ಟಿಲು ತೂಗುತ್ತಿತ್ತು, ತನ್ನಷ್ಟಕ್ಕೆ ತಾನೇ ಜೋಗುಳ ಹಾಡುತ್ತಿತ್ತು.

“ಒಂದು ಗಳಿಗಿ ಕೂಸಿನ ಇಲ್ಲಿ ಮಲಗಸು” ಎಂದಿತು ತೊಟ್ಟಿಲು. “ನೀನೂ ನೆರಳಾಗ ಕೂಡು. ಒಂದಽ ಗಳಿಗಿ.”

ಬಾಳವ್ವನ ಕಣ್ಣು ಎಳೆಯಿತು. ಒಂದು ಗಳಿಗೆ ಮಲಗಿದರೆ ತಾನು ನಾಳೆ ಸಂಜೆಯವರೆಗೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. “ಹಿಂಗ ಹಾಡಿದರ ಇವನು ಮಲಗೂದಿಲ್ಲ. ಮಲಗೋನಾಗಿದ್ದರ ನಾನು ಎಂದೋ ಮಲಗಸ್ತಿದ್ದೆ” ಎಂದು ಮುಂದೆ ನಡೆದಳು.

ಎರಡನೆಯ ತಿರುವಿನಲ್ಲಿ ನಾಲ್ಕು ಕರಡಿಗಳು ಪಲ್ಲಕ್ಕಿ ಹಿಡಿದು ನಿಂತಿದ್ದವು. ಮೈತುಂಬ ಜರಿಯ ಅಂಗಿ, ತಲೆಗೆ ಪೇಟ.

“ಕೊಡು ತಾಯಿ, ನಾವು ಹೊರ್ತೀವಿ” ಎಂದವು ಕರಡಿಗಳು. “ನಾಲ್ಕು ಮಂದಿ ಇದ್ದೀವಿ. ನೀ ಒಬ್ಬಾಕಿ.”

ಅವಳ ಸೊಂಟ ಮರಗಟ್ಟಿತ್ತು, ಎಡಗೈ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೂಸನ್ನು ಬಲಸೊಂಟಕ್ಕೆ ಬದಲಿಸಿಕೊಂಡಳು. “ನೀವು ಒಂದು ಗುಡ್ಡ ಹೊರತೀರಿ. ಆಮ್ಯಾಲಿಂದು?” ಎಂದು ಕೇಳಿದಳು. ಪಲ್ಲಕ್ಕಿಯ ಪಕ್ಕದಿಂದಲೇ ಮುಂದೆ ಹತ್ತಿದಳು.

ಮೂರನೆಯ ತಿರುವಿನಲ್ಲಿ ಅವಳ ಅವ್ವ ನಿಂತಿದ್ದಳು. ಸತ್ತು ಆರು ವರ್ಷವಾಗಿದ್ದ ಅವ್ವ. ಅದೇ ಹಸಿರು ಸೀರೆ, ಅದೇ ಸಡಿಲು ಬಳೆ.

“ಕೊಡವ್ವಾ” ಎಂದಳು ಅವ್ವ, ಕೈ ಚಾಚಿ. “ಭಾಳ ದಣದೀ. ಮೊಮ್ಮಗನ್ನ ನಾ ಎತ್ಕೋತೀನಿ.”

ಬಾಳವ್ವನಿಗೆ ಅಳು ಬಂತು. ಎರಡು ಮಕ್ಕಳನ್ನು ಮಣ್ಣು ಮಾಡಿದ ದಿನಗಳಲ್ಲೂ ಅವಳು ಅವ್ವನನ್ನು ಇಷ್ಟು ನೆನೆದಿರಲಿಲ್ಲ. ಅವಳ ಕೈ ಸಡಿಲಾಯಿತು, ಕೂಸು ಅರ್ಧ ಜಾರಿತು. ಅಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಅವ್ವ ಬದುಕಿದ್ದಷ್ಟು ದಿನ, ಮಗಳ ಮುಖ ಕಂಡ ಕೂಡಲೇ ಮೊದಲು ಕೇಳುತ್ತಿದ್ದುದು “ಉಂಡೆಯಾ?” ಎಂದು. ಮಿಕ್ಕ ಮಾತೆಲ್ಲ ಆಮೇಲೆ. ಬಾಳವ್ವ ನಿನ್ನೆಯಿಂದ ಉಂಡಿರಲಿಲ್ಲ, ಅದು ಅವಳ ಮುಖದ ಮೇಲೇ ಬರೆದಿತ್ತು.

ಅವಳು ಸ್ವಲ್ಪ ಹೊತ್ತು ಕಾದಳು. ಮುದುಕಿ ಕೇಳಲಿಲ್ಲ.

“ನೀ ನಮ್ಮವ್ವ ಅಲ್ಲ” ಎಂದಳು ಬಾಳವ್ವ. ಹಸಿರು ಸೀರೆ ಹೊಗೆಯಾಗಿ ಹೋಯಿತು. ಅವಳು ಜೋರಾಗಿ ಅಳುತ್ತಲೇ ಉಳಿದ ದಾರಿ ಹತ್ತಿದಳು. ತಿರುಕ ತನ್ನ ದಪ್ಪ ಅಂಗೈಯಿಂದ ಅವಳ ಕೆನ್ನೆ ತಟ್ಟುತ್ತಿದ್ದ.

ತುದಿಯಲ್ಲಿ ದೊಡ್ಡೊಡಲ ಕೂತಿದ್ದ. ಒಣಗಿದ ನುಗ್ಗೆಕಾಯಿಯ ಹಾಗೆ ತೆಳ್ಳಗಾಗಿದ್ದ. ಗಾಳಿಗೆ ಹಾರಿಹೋಗಬಾರದೆಂದು ಸೊಂಟಕ್ಕೆ ಹಗ್ಗ ಸುತ್ತಿ ಬಂಡೆಗೆ ಕಟ್ಟಿಕೊಂಡಿದ್ದ. ಮೈಮೇಲೆ ಒಂದೇ ಒಂದು ಬಟ್ಟೆ.

“ನಿಮ್ಮ ಬಟ್ಟಿ ತಗೋರಿ. ನನ್ನ ಕೂಸಿನ ಭಾರ ಇಳಸರಿ” ಎಂದಳು ಬಾಳವ್ವ.

“ನೀ ಕೇಳಿದಿ, ನಾ ಕೊಟ್ಟೆ. ನಾ ಕೇಳಿದರ ನೀ ಕೊಡು” ಎಂದು ಅವನು ನಕ್ಕ. “ನಾ ಯಾಕ ಕೇಳಲಿ? ನಲವತ್ತು ವರ್ಷ ಈ ಗುಡ್ಡಾನ ಕೆಳಗಿನಿಂದ ನೋಡೀನಿ. ಒಂದು ಮೆಟ್ಟಲೂ ಹತ್ತಾಕ ಆಗಲಿಲ್ಲ. ಈಗ ನೋಡು.”

“ನೀವು ತಿಂದದ್ದು ನನ್ನ ಕೂಸು ಯಾಕ ಹೊರಬೇಕ್ರಿ?”

“ಯಾರರ ಹೊರಬೇಕಲ್ಲ” ಎಂದ ದೊಡ್ಡೊಡಲ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಗ್ಗ ಸಡಿಲಿಸಿಕೊಂಡು ಹತ್ತಿರ ಬಂದು, ಬಗ್ಗಿ, ಅವಳ ಕೈಯನ್ನೇ ನೋಡತೊಡಗಿದ. “ನಡಗಾಕ ಹತ್ಯಾವ. ಇನ್ನ ಭಾಳ ಹೊತ್ತಿಲ್ಲ.”

ಅವನು ಹೇಳಿದ್ದು ನಿಜ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.

ತಿರುಕ ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿರಲಿಲ್ಲ. ಲಂಗೋಟಿಯೂ ಇರಲಿಲ್ಲ. ಐದು ಮಣದ ಕೂಸು ಐದು ಮಣದ ಲೆಕ್ಕದಲ್ಲೇ ಹೊಯ್ದಿತು. ಮಾಂತ್ರಿಕನ ಮುಖ, ಎದೆ, ಮೈಮೇಲಿನ ಒಂದೇ ಬಟ್ಟೆ ಎಲ್ಲ ತೊಯ್ದು ತೊಪ್ಪೆಯಾದವು. ಗುಡ್ಡದ ಗಾಳಿ ಬೀಸಿತು. ಅವನ ಮೈಯಲ್ಲಿ ಚಳಿ ತಡೆಯಲು ಒಂದು ಹಿಡಿ ಮಾಂಸವೂ ಇರಲಿಲ್ಲ. ಹಲ್ಲು ಕಟಕಟ ಕಡಿಯುತ್ತ, “ಒಂದು ಒಣಾ ಬಟ್ಟಿ ಕೊಡು” ಎಂದ.

ದಿನಕ್ಕೆ ಇಪ್ಪತ್ತು ಸಲ ಒದ್ದೆ ತೆಗೆದು ಒಣದು ಕೊಡುವ ಕೈ ಅದು. ಬಾಳವ್ವ ಯೋಚಿಸಲೂ ಇಲ್ಲ, ತಲೆಯ ಮೇಲಿನ ಗಂಟಿನಿಂದ ಒಂದು ಲಂಗೋಟಿ ಎಳೆದು ಕೊಟ್ಟುಬಿಟ್ಟಳು. ಅವನು ಮೈಗೆ ಸುತ್ತಿಕೊಂಡ. ಸೊಂಟದ ಮೇಲೆ ಕೂಸು ಒಂದು ಮಣ ಹಗುರಾಯಿತು.

ಆಗ ಅವಳಿಗೆ ತಿಳಿಯಿತು. ಬಾಯಿ ಬಿಡದೆ ನಿಂತಳು.

“ಸಾಲೂದಿಲ್ಲ. ಇನ್ನೊಂದು ಕೊಡು” ಎಂದ ದೊಡ್ಡೊಡಲ. ಚಳಿಗೆ ಅವನ ಬುದ್ಧಿಯೂ ಮರಗಟ್ಟಿತ್ತು. ಅವಳು ಕೊಟ್ಟಳು. ಅವನ ಹೊಟ್ಟೆ ಮುಂದೆ ಬಂತು, ಹಗ್ಗ ಬಿಗಿಯಾಯಿತು.

“ಇದು ಮೊಣಕಾಲಿಗೂ ಬರೂದಿಲ್ಲ. ದೊಡ್ಡದು ಕೊಡು.”

ಮೂರನೆಯ ಸಲಕ್ಕೆ ಅವಳು ಗಂಟನ್ನೇ ಕೊಟ್ಟಳು.

ಹಗ್ಗ ಪಟ್ಟನೆ ಹರಿಯಿತು. ದೊಡ್ಡೊಡಲ ಊದಿದ, ಉಬ್ಬಿದ, ಮೊದಲಿನಷ್ಟೇ ಆದ. ಕೆಳಗಿನ ಬಂಡೆ ಬಿರಿದು ಅವನನ್ನು ಎದೆಯವರೆಗೆ ಒಳಗೆ ಎಳೆದುಕೊಂಡಿತು. ಮಂತ್ರ ಹೇಳೋಣವೆಂದರೆ ಉಸಿರು ಸಾಲದು.

“ಕೈ ಕೊಟ್ಟು ಎತ್ತು ತಾಯಿ” ಎಂದು ಅವನು ಬೇಡಿದ.

“ನನ್ನ ಕೈ ಸೋತಾವ್ರಿ” ಎಂದಳು ಬಾಳವ್ವ. ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದಳು.

ಅವಳು ಇಳಿದು ಬರುವಾಗ ತಿರುವುಗಳಲ್ಲಿ ಕರಡಿಯೂ ಇರಲಿಲ್ಲ, ತೊಟ್ಟಿಲೂ ಇರಲಿಲ್ಲ. ಬುಡದಲ್ಲಿ ಭರಮ ನಿಂತಿದ್ದ. ಅವನ ಮುಂದೆ ಅವಳು ಕೂಸನ್ನು ನೆಲಕ್ಕೆ ಇಳಿಸಿದಳು. ತಿರುಕ ಅಲ್ಲಿಯವರೆಗೆ ಒಂದು ಹೆಜ್ಜೆಯೂ ನಡೆದವನಲ್ಲ, ಅಷ್ಟು ಭಾರಕ್ಕೆ ಕಾಲು ಎಲ್ಲಿ ಏಳಬೇಕು? ಈಗ ಎದ್ದು ನಿಂತ. ಬರಿಮೈಯಲ್ಲಿ ಹತ್ತು ಹೆಜ್ಜೆ ಹೋದ. ಹಿಂದೆ ತಿರುಗಿ ನೋಡಲಿಲ್ಲ.

ಬಾಳವ್ವ ನೋಡುತ್ತ ನಿಂತಳು. ಅವಳ ತೋಳುಗಳು ಕೂಸನ್ನು ಹಿಡಿದ ಹಾಗೇ ಬಾಗಿದ್ದವು, ನೇರ ಮಾಡಲು ಬರಲಿಲ್ಲ. ಹೊರಲಾರೆ ಹೊರಲಾರೆ ಎಂದು ಎಷ್ಟು ದಿನ ಅಂದುಕೊಂಡಿದ್ದಳೋ. ಈಗ ಖಾಲಿ ತೋಳನ್ನೇ ನೋಡಿಕೊಂಡಳು.

ಹನ್ನೊಂದನೆಯ ಹೆಜ್ಜೆಗೆ ತಿರುಕ ಕೂತ, ಎದ್ದ, ಸುತ್ತ ನೋಡಿ, ತಿರುಗಿ ಅವಳ ಕಡೆಗೇ ಬಂದ. ಎರಡೂ ಕೈ ಮೇಲೆತ್ತಿ, “ಎತ್ಕೋ” ಎಂದ. ಅವನು ಆಡಿದ ಮೊದಲ ಮಾತು ಅದು.

ಬಾಳವ್ವ ಗಂಡನ ಮುಖ ನೋಡಿದಳು. ಭರಮ, “ನಾ ಎತ್ಕೋತೀನಿ ಬಿಡು” ಎಂದ.

“ಬ್ಯಾಡ” ಎಂದು ಅವಳೇ ಎತ್ತಿಕೊಂಡಳು. ಒಂದೇ ಒಂದು ಮಣ.

ಅಲ್ಲಿಂದ ಮುಂದೆ ದೊಡ್ಡೊಡಲನ ಭಾರವನ್ನು ದೊಡ್ಡೊಡಲನೇ ಹೊತ್ತ, ಊರೂರಿನ ಕಾಳು ಊರೂರಲ್ಲೇ ಉಳಿಯಿತು, ಬೆಣಚುಗಿರಿಯ ಜನರೆಲ್ಲ ಸುಖವಾಗಿದ್ದರು. ಬಾಳವ್ವ ಮಾತ್ರ ಮೊದಲು ಮೂರು ದಿನ ಮಲಗಿದಳು. ಆಮೇಲೆ ಅವಳೂ ಸುಖವಾಗಿದ್ದಳು.