ಬಾತಿ ಗುಡ್ಡದ ಮರಿ ಮತ್ತು ಗುತ್ತೆಪ್ಪನ ಕಂಬಳಿ

ಸಂಜೆಯೊಳಗೆ ಮರಿಯನ್ನು ಅದರ ಹಿಂಡಿಗೆ ಸೇರಿಸಬೇಕು, ಇಲ್ಲದಿದ್ದರೆ ಅದು ಬದುಕುವುದಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಸ್ಕೂಟರಿನಲ್ಲಿ ಧಾವಿಸಿ ಬಂದ ಪಶುವೈದ್ಯೆ ಹುಮಾ ಬಾತಿಯ ಜನಕ್ಕೆ ಹೇಳಿದ್ದು ಇಷ್ಟೇ.

ಬೆಳಿಗ್ಗೆ ಕರೆಂಟಿನ ತಂತಿ ತಗುಲಿ ಒಂದು ಹೆಣ್ಣು ಮುಸುವ ಸತ್ತಿತ್ತು. ಕಪ್ಪು ಮೋರೆಯ, ಉದ್ದ ಬಾಲದ ಆ ತಾಯಿಯ ಎದೆಗೆ ಪುಟ್ಟ ಮರಿ ಅಂಟಿಕೊಂಡೇ ಇತ್ತು. ಊರವರು ಹಾರ ಹಾಕಿ, ಹಲಗೆ ಬಾರಿಸಿ, ಪಟಾಕಿ ಸಿಡಿಸಿ ಮೆರವಣಿಗೆ ತೆಗೆದರು. ಬೇವಿನ ಮರದಲ್ಲಿ ಕಾದು ಕುಳಿತಿದ್ದ ಹಿಂಡು ಆ ಸದ್ದಿಗೆ ದಿಕ್ಕೆಟ್ಟು ಗುಡ್ಡದ ನೆತ್ತಿಗೆ ಓಡಿಹೋಯಿತು. ಭಕ್ತಿಯೇನೋ ದೊಡ್ಡದೇ, ಆದರೆ ಮರಿಗೆ ಬೇಕಾಗಿದ್ದುದು ಹಾಲು.

"ನೀವೇ ಸಾಕ್ರಲ್ಲ ಡಾಕ್ಟ್ರೆ" ಎಂದರು ಯಾರೋ.

"ನಮ್ಮ ಕೈಯಾಗೆ ಬೆಳೆದ್ರೆ ಅದು ತಿರುಗಿ ಗುಡ್ಡ ಸೇರಲ್ರಿ. ಮುಸುವಗಳು ಒಂದರ ಮರಿನ ಇನ್ನೊಂದು ಎತ್ತಿ ಆಡಿಸ್ತವೆ. ಹಾಲಿರೋ ಹೆಣ್ಣು ಸಿಕ್ರೆ ಇದು ಉಳಿತೈತೆ."

ಮೆರವಣಿಗೆಗೆ ಮುಂದಾಗಿದ್ದ ಮುದುಕಿ ಭೀಮವ್ವ, ತಾಯಿಯನ್ನು ಹೂಳಲು ತೋಡಿದ್ದ ಗುಂಡಿಯ ಪಕ್ಕದಲ್ಲೇ ಕೂತುಬಿಟ್ಟಳು. "ಕೂಸು ಮನಿ ಸೇರೋತನಕ ಇಕಿಗೆ ಮಣ್ಣು ಹಾಕಲ್ಲ. ಹೋಗಿ ಬರ್ರಿ."

ಹೊರಟವರು ಮೂವರು. ಹುಮಾ, ಹಗ್ಗ ಬೆಲ್ಟು ಹೊತ್ತ ಲೈನ್‌ಮ್ಯಾನ್ ಮಹೇಂದ್ರ, ಕುರಿ ಕಾಯುವ ಮುದುಕ ಗುತ್ತೆಪ್ಪ. ಮರಿ ತಾಯಿಯ ಮೈ ಬಿಡಲೊಲ್ಲದು. ಗುತ್ತೆಪ್ಪ ಹೆಗಲ ಮೇಲಿನ ಕರಿ ಕಂಬಳಿ ಮುಂದೆ ಹಿಡಿದ ಮೇಲೆಯೇ ಅದರ ಉಣ್ಣೆಯನ್ನು ಬಿಗಿಯಾಗಿ ಹಿಡಿದು ಸುಮ್ಮನಾಯಿತು. ಹೆತ್ತ ಮಗನಿಗೂ ಮುಟ್ಟಗೊಡದ ಕಂಬಳಿ ಅದು. ಊರವರು ಮುಖ ಮುಖ ನೋಡಿಕೊಂಡರು.

ಗುಡ್ಡ ದೂರದಿಂದ ಸಣ್ಣದು, ಹತ್ತುವವರಿಗೆ ಮಾತ್ರ ಅದರ ನಿಜ ಗೊತ್ತು. ಜಾಲಿಮುಳ್ಳು ಬಟ್ಟೆ ಹಿಡಿದು ಜಗ್ಗಿತು, ಕಾದ ಬಂಡೆ ಅಂಗೈ ಸುಟ್ಟಿತು. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಹರಿಹರದ ದಿಕ್ಕಿನಲ್ಲಿ ತುಂಗಭದ್ರೆ ಬಿಸಿಲಿಗೆ ಹೊಳೆಯುತ್ತಿದ್ದಳು. ನೆತ್ತಿಯ ಕೊರಕಲಿನಾಚೆ, ಬೋಳು ಬಂಡೆಯ ಮೇಲೆ ಹಿಂಡು ಬಾಲ ಇಳಿಬಿಟ್ಟು ಕುಳಿತಿತ್ತು.

"ಇನ್ನು ಮುಂದೆ ಹೋದ್ರೆ ಓಡಿಹೋಗ್ತವೆ" ಎಂದಳು ಹುಮಾ. "ಕೆಳಗೆ ಆ ಕಲ್ಲಿನ ಹಾಸು ಕಾಣ್ತೈತಲ್ಲ, ಅಲ್ಲಿ ಇಟ್ಟು ಬರ್ಬೇಕು."

ಮಹೇಂದ್ರ ಬೆಲ್ಟು ಬಿಗಿದು, ಮರಿಯಿದ್ದ ಕಂಬಳಿ ಗಂಟನ್ನು ಎದೆಗೆ ಕಟ್ಟಿಕೊಂಡು ಇಳಿದ. ಹಗ್ಗದ ತುದಿಯನ್ನು ಹುಮಾ, ಗುತ್ತೆಪ್ಪ ಹಿಡಿದರು.

ಕಾಲಡಿಯ ಕಲ್ಲು ಜಾರಿತು.

ಹಗ್ಗ ಸರ್ರನೆ ಎಳೆಯಿತು. ಹುಮಾಳ ಅಂಗೈ ಚರ್ಮ ಕಿತ್ತುಬಂತು. ಗುತ್ತೆಪ್ಪ ಬಂಡೆಗೆ ಕಾಲು ಕೊಟ್ಟು ಹಿಂದಕ್ಕೆ ಬಾಗಿದ.

"ಬಿಡಬ್ಯಾಡ ಅಜ್ಜಾ!" ಎಂದು ಕೆಳಗಿನಿಂದ ಮಹೇಂದ್ರ ಕೂಗಿದ.

"ಬಿಟ್ರೆ ನನ್ನ ಕಂಬಳಿನೂ ಹೋಗ್ತೈತಲೇ!"

ಮಹೇಂದ್ರ ತೂಗಾಡಿ ಹಾಸಿನ ಅಂಚು ಹಿಡಿದ. ಮರಿಯನ್ನು ಕಂಬಳಿ ಸಮೇತ ಇಟ್ಟು ಮೇಲೆ ಬಂದ. ಮೂವರೂ ಪೊದೆಯ ಹಿಂದೆ ಅಡಗಿ ಕಾದರು. ಹಿಂಡು ನೋಡುತ್ತಲೇ ಇತ್ತು, ಒಂದೂ ಇಳಿಯಲಿಲ್ಲ. ಮರಿ ಕಂಬಳಿಯ ಬಿಸುಪಿಗೆ ನಿದ್ದೆ ಹೋಗಿತ್ತು. ಬಿಸಿಲು ಇಳಿಯುತ್ತಿತ್ತು. ಮೇಲೆ ಒಂದು ಹದ್ದು ಸುತ್ತತೊಡಗಿತು.

ಹುಮಾಗೆ ಥಟ್ಟನೆ ಹೊಳೆಯಿತು. "ತಪ್ಪು ನಮ್ದೇ. ಅದು ಸುಖವಾಗೈತೆ, ಅದಕ್ಕೇ ಅಳ್ತಿಲ್ಲ. ಅತ್ರೇನೇ ಅವು ಬರೋದು. ಕಂಬಳಿ ತೆಗೀಬೇಕು ಮಹೇಂದ್ರ."

"ಬರಿ ಕಲ್ಲಿನ ಮ್ಯಾಲೆ ಬಿಡೋದಾ ಮೇಡಂ? ಹದ್ದು ಐತೆ. ನನ್ ಕೈಲಾಗಲ್ಲ."

"ಹದ್ದು ಇಳಿದ್ರೆ ಕಲ್ಲು ಹೊಡಿಯಾಕೆ ನಾನಿದೀನಿ" ಎಂದ ಗುತ್ತೆಪ್ಪ. "ಇಳಿ ತಮ್ಮಾ."

ಮಹೇಂದ್ರ ಮತ್ತೆ ಇಳಿದ. ಉಣ್ಣೆ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವನ ಕಣ್ಣಲ್ಲಿ ನೀರು. ಕಂಬಳಿ ಎಳೆದುಕೊಂಡು ಮೇಲೆ ಬರುವಷ್ಟರಲ್ಲಿ ಮರಿ ಕಿರುಚಿತು.

ಆ ಕೂಗಿಗೆ ಇಡೀ ಹಿಂಡು ಎದ್ದು ನಿಂತಿತು.

ಹದ್ದು ತಗ್ಗಿತು. ಗುತ್ತೆಪ್ಪನ ಕವಣೆಗಲ್ಲು ಅದರ ರೆಕ್ಕೆಯ ಪಕ್ಕದಲ್ಲೇ ಹಾದುಹೋಯಿತು, ಹದ್ದು ದೂರ ಸರಿಯಿತು.

ಅಷ್ಟರಲ್ಲಿ ಒಂದು ಹೆಣ್ಣು ಕೊರಕಲು ಹಾರಿತು. ಅದರ ಎದೆಯಲ್ಲಿ ತನ್ನದೇ ಒಂದು ಮರಿ ಇತ್ತು. ಬಂದು ಬಗ್ಗಿತು, ಮೂಸಿತು, ಒಂದೇ ಕೈಯಿಂದ ಬಾಚಿ ಎತ್ತಿಕೊಂಡಿತು. ಕಿರುಚಾಟ ನಿಂತಿತು. ಮರಿಯ ಬಾಯಿ ಮೊಲೆ ಹುಡುಕಿದ್ದನ್ನು ಹುಮಾ ದುರ್ಬೀನಿನಲ್ಲಿ ಕಂಡಳು.

"ಶುಕ್ರಿಯಾ ತಾಯಿ" ಎಂದಳು. ಮಹೇಂದ್ರ ಕೈ ಮುಗಿದ. ಗುತ್ತೆಪ್ಪ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ.

ಕೆಳಗೆ ಬರುವಾಗ ಹೊತ್ತು ಮುಳುಗಿತ್ತು. ಭೀಮವ್ವ ಗುಂಡಿಯ ಪಕ್ಕದಿಂದ ಕದಲಿರಲಿಲ್ಲ. ಕಾದಿದ್ದ ಜನ ಮೂವರ ಕೈಗೂ ಮಂಡಕ್ಕಿ, ನೀರು ಕೊಟ್ಟರು.

"ಕೂಸಿಗೆ ಅವ್ವ ಸಿಕ್ಕಳೇನವ್ವ?"

"ಸಿಕ್ಕಳು ಭೀಮವ್ವ. ಹಾಲು ಕುಡಿತೈತೆ."

"ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಮುದುಕಿ ಹುಮಾಳ ಸುಲಿದ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ನಾಳೆಯೇ ಆ ತಂತಿಗೆ ಕವಚ ಹಾಕಿಸುತ್ತೇನೆಂದು ಮಹೇಂದ್ರ ಎಲ್ಲರೆದುರು ಮಾತು ಕೊಟ್ಟ.

ಭೀಮವ್ವ ಹಿಡಿ ಮಣ್ಣು ಎತ್ತಿದಾಗ ಗುತ್ತೆಪ್ಪ ತಡೆದ. ಮೊಣಕಾಲೂರಿ ಗುಂಡಿಗೆ ಬಗ್ಗಿ, ಹೆಗಲ ಕಂಬಳಿಯನ್ನು ಆ ತಾಯಿಗೆ ಹೊದಿಸಿದ.

"ಕೂಸು ಮಲಗಿದ್ದ ಕಂಬಳಿ" ಎಂದ. "ಇಕಿಗೇ ಇರ್ಲಿ. ಈಗ ಹಾಕ್ರಿ ಮಣ್ಣು."